ಬೆಟ್ಟದವಳಿಗೆ ಬಡಿಸಿಟ್ಟ ಊಟ

ವಿನ್ಯಾಬಾಸ್ಸಾ
30 ಆಗಸ್ಟ್ 1892

ಅಣ್ಣಾ ಬ್ರಾಸಿ,

ಬಂಡಿಯ ಮಿಕೇಲಿ ನಿನ್ನೆ ಉಪ್ಪುಮೀನು ಹಾಕಲು ಬಂದವನು ಮೀನಿನ ಮಾತೇ ಎತ್ತಲಿಲ್ಲ, ಬರೀ ಬೆಟ್ಟದವಳ ಮಾತು. ನಿಮ್ಮ ಊರಿನ ಮೇಲುಗಡೆ ನೆಲ ಬಾಯಿ ಬಿಟ್ಟಿದೆಯಂತೆ, ಬೆಂಕಿ ಕಸ್ತಾನಾರಾ ಕಡೆಗೇ ಮುಖ ಮಾಡಿದೆಯಂತೆ. ಇಷ್ಟೆಲ್ಲ ಆಗಿದ್ದರೂ ಒಡಹುಟ್ಟಿದ ತಂಗಿಗೆ ಒಂದು ಸಾಲು ಬರೆಯಬೇಕು ಅನಿಸಲಿಲ್ಲವೇ ನಿನಗೆ? ಊರಿನವರೆಲ್ಲರ ಸಾವಿಗೂ ಮದುವೆಗೂ ಗಂಟೆ ಹೊಡೆಯುವವನು, ತಂಗಿಯ ವಿಷಯ ಬಂದಾಗ ಮೂಗ!

ನಮ್ಮಿಂದ ಹೊಗೆ ಮಾತ್ರ ಕಾಣುತ್ತದೆ. ಕೆಂಪು ಗುಡ್ಡ ಅಡ್ಡ ನಿಂತಿದೆಯಲ್ಲ. ಯಾವ ಮುತ್ತಾತನ ಕಾಲದಲ್ಲೋ ಬೆಂಕಿ ಕಾರಿ ಸತ್ತ ಗುಡ್ಡ ಅದು, ಈಗ ಅದರ ಒಂದು ಮಗ್ಗುಲಲ್ಲಿ ನೀವು, ಇನ್ನೊಂದು ಮಗ್ಗುಲಿನ ಕತ್ತೆಕಣಿವೆಯ ಕೆಳಗೆ ನಾವು. ಅತ್ತೆ ಬೆಳಿಗ್ಗೆಯಿಂದ ಜಪಮಣಿ ಹಿಡಿದು ಕೂತಿದ್ದಾರೆ. "ಅವಳು ಬಂದ್ರೆ ಬರ್ಲಿ ಬಿಡೇ, ದೂರದಿಂದ ನಡ್ಕೊಂಡು ಬರೋಳು, ಹಸಿವಾಗಿರತ್ತೆ. ಮನೆ ಗುಡ್ಸಿ, ಮೇಜಿನ ಮೇಲೆ ರೊಟ್ಟಿ, ವೈನು ಇಟ್ಟು, ಬಾಗಿಲು ತೆಗೆದಿಟ್ಟು ಹೋಗ್ಬೇಕು. ನಮ್ಮತ್ತೆ ಹಾಗೇ ಮಾಡಿದ್ರು" ಎನ್ನುತ್ತಾರೆ. ನುನ್ಸಿಯೊ, "ನಂಗೆ ಎರಡು ಸಲ ಕೇಳಿದ್ರೂ ಒಂದು ಲೋಟ ಕೊಡಲ್ಲ, ಅವಳಿಗೆ ಮಾತ್ರ ಉಪಚಾರ ನೋಡು" ಅಂತ ಗೊಣಗಿದ. ಗಂಡನೆಂದರೆ ಹೀಗೆ, ಊರು ಹೊತ್ತಿ ಉರಿದರೂ ಅವನಿಗೆ ಅವನ ಲೋಟದ್ದೇ ಚಿಂತೆ.

ಒಂದು ಮಾತು ತಿಳಿಸು. ನಮ್ಮ ಅಂಗಳದಡಿಯ ಮಳೆನೀರಿನ ನೆಲತೊಟ್ಟಿಯ ಬಗ್ಗೆ ನುನ್ಸಿಯೊಗೆ ಯೋಚನೆ ಹತ್ತಿದೆ. ತುಂಬಿದ ತೊಟ್ಟಿಯ ಮೇಲೆ ಲಾವಾ ಹರಿದರೆ ಏನಾಗುತ್ತದೆ ಎಂದು ನಿನಗೆ ನಾನು ಹೇಳಬೇಕಿಲ್ಲ. ಒಳಗಿನ ನೀರು ಆವಿಯಾಗಿ, ದಾರಿ ಸಿಗದೆ, ಅಂಗಳವನ್ನೇ ಆಕಾಶಕ್ಕೆ ಎಸೆಯುತ್ತದೆ. ತೊಟ್ಟಿ ಯಾರದೋ ಖಾಲಿ ಮಾಡುವ ಹೊಣೆಯೂ ಅವನದೇ. ಆದರೆ ದ್ರಾಕ್ಷಿ ಕೊಯ್ಲು ಹತ್ತಿರ ಬಂತು, ಪೀಪಾಯಿಗಳನ್ನು ತೊಳೆಯಲು ಇರುವುದು ಅದೊಂದೇ ನೀರು. ನೀನು ಗಂಟೆಗೋಪುರದಿಂದ ಎಲ್ಲ ನೋಡುವವನು. ಅವಳು ನಮ್ಮ ಕಡೆ ಬರುತ್ತಾಳೋ ಇಲ್ಲವೋ ಹೇಳು, ಹಾಗೆ ಮಾಡುತ್ತೇವೆ.

ಮತ್ತೆ, ಸುಮ್ಮನೆ ಹಟ ಮಾಡಬೇಡ. ಫಿಲಿಪ್ಪಾ ಅತ್ತಿಗೆಯನ್ನೂ ಮಕ್ಕಳನ್ನೂ ಆ ಕೆಟ್ಟ ಮೇಕೆಯನ್ನೂ ಕರೆದುಕೊಂಡು ಇಲ್ಲಿಗೆ ಬಾ. ಮಾಳಿಗೆ ಖಾಲಿ ಇದೆ.

ನಿನ್ನ ತಂಗಿ
ವೆನ್ನೆರಾ

---

ಕಸ್ತಾನಾರಾ
3 ಸೆಪ್ಟೆಂಬರ್ 1892

ತಂಗೀ ವೆನ್ನೆರಾ,

ಬೈಯುವುದಿದ್ದರೆ ಬೈದುಬಿಡು, ತಡೆದುಕೊಳ್ಳುತ್ತೇನೆ. ಬರೆಯಲು ಕೂತಾಗಲೆಲ್ಲ ಯಾರಾದರೂ ಬಂದು, "ಬ್ರಾಸಿ, ಗೋಪುರ ಹತ್ತಿ ನೋಡೋ, ಎಲ್ಲಿಗೆ ಬಂದ್ಳು?" ಅನ್ನುತ್ತಾರೆ. ಹತ್ತಿ ಇಳಿದು ನನ್ನ ಮಂಡಿಯೇ ಸವೆದುಹೋಗಿದೆ.

ಬಂದಿದ್ದಾಳೆ. ಮೇಲೆ, ಬಾಯಿ ಬಿಟ್ಟಲ್ಲಿ, ಅವಳು ಜೇನಿನ ಹಾಗೆ ತೆಳ್ಳಗೆ, ಬೆಳ್ಳಗೆ ಹರಿಯುತ್ತಾಳೆ. ಎರಡೂ ಬದಿಗೆ ತಾನೇ ದಂಡೆ ಕಟ್ಟಿಕೊಂಡು, ನಮ್ಮ ತೋಟಗಳ ಕಾಲುವೆಯಂತೆ ಅಚ್ಚುಕಟ್ಟಾಗಿ ಇಳಿಯುತ್ತಾಳೆ. ಊರಿನ ಹತ್ತಿರ ಬರುವಷ್ಟರಲ್ಲಿ ಮೈಯೆಲ್ಲ ಕಪ್ಪು ಕಿಟ್ಟ. ಮನೆಯೆತ್ತರದ ಗೋಡೆಯೊಂದು ತೆವಳಿಕೊಂಡು ಬಂದಂತೆ ಬರುತ್ತಾಳೆ. ಮೇಲಿನಿಂದ ಕಿಟ್ಟ ಕಳಚಿ ಬೀಳುವಾಗ ಅಡುಗೆಮನೆಯಲ್ಲಿ ಪಿಂಗಾಣಿ ಒಡೆದಂಥ ಸದ್ದು, ಬಿದ್ದ ಜಾಗದ ಒಳಗೆ ಕೆಂಪು ಕಾಣುತ್ತದೆ. ಅಪ್ಪ ನೆಟ್ಟ ಕಸ್ತಾನಾ ಮರಗಳು ಅವಳು ಮುಟ್ಟುವ ಮೊದಲೇ ಧಗ್ಗೆಂದು ಹತ್ತಿಕೊಳ್ಳುತ್ತವೆ. ನಾನು ಎಣಿಸುವುದನ್ನು ಬಿಟ್ಟಿದ್ದೇನೆ.

ಕತಾನಿಯಾ ಪಟ್ಟಣದಿಂದ ಒಬ್ಬ ಇಂಜಿನಿಯರ್ ಬಂದಿದ್ದಾನೆ. ಎತ್ನಾ ಹೀಗೆ ಮಾಡುತ್ತೆ, ಎತ್ನಾ ಹಾಗೆ ಮಾಡುತ್ತೆ ಎಂದು ಹೆಸರು ಹಿಡಿದೇ ಕರೆಯುತ್ತಾನೆ, ಏನೋ ತಾನೇ ಉಂಗುರ ತೊಡಿಸಿದವನ ಹಾಗೆ. ಮುದುಕಿಯರು ಕಿವಿ ಮುಚ್ಚಿಕೊಳ್ಳುತ್ತಾರೆ. ನಾವು ಬೆಂಕಿ ತಡೆಯುವ ಸಂತ ಅಗಾತಾಳ ಮುಸುಕನ್ನು ಹೊತ್ತು ಅವಳ ಮುಂದೆ ಹೋಗಿ ನಿಂತೆವು. ಬಿಸಿಗೆ ಪಾದ್ರಿ ದೋನ್ ಇನ್ಯಾಸಿಯೊ ಅವರ ಮೇಣದಬತ್ತಿ ಬಗ್ಗಿ ಹೋಯಿತು. ಅವಳು ಅರ್ಧ ದಿನ ನಿಂತಳು. ಆಮೇಲೆ ಮತ್ತೆ ಹೊರಟಳು.

ಜನ ಹೆಂಚು ಇಳಿಸುತ್ತಿದ್ದಾರೆ, ಬಾಗಿಲು ಕಿಟಕಿ ಕೀಳುತ್ತಿದ್ದಾರೆ. ನಾನೂ ಶುರುಮಾಡಿದೆ. ಅವ್ವನ ಪೆಟ್ಟಿಗೆಯನ್ನು ಮಿಕೇಲಿಯ ಬಂಡಿಯಲ್ಲಿ ಕಳಿಸುತ್ತಿದ್ದೇನೆ, ಜೊತೆಗೆ ಅವ್ವನ ರೊಟ್ಟಿ ಒಲೆಯ ಕಬ್ಬಿಣದ ಬಾಗಿಲು. ಒಲೆಯನ್ನು ಬಿಚ್ಚಿಬಿಟ್ಟೆ ವೆನ್ನೆರಾ. ಕಲ್ಲು ಕಲ್ಲಾಗಿ. ಇನ್ನು ಈ ಮನೆಯಲ್ಲಿ ರೊಟ್ಟಿ ಬೇಯುವುದಿಲ್ಲ; ಸೈನಿಕರು ಬಂಡಿಯಲ್ಲಿ ತಂದು ಹಂಚುತ್ತಾರೆ, ಅದನ್ನೇ ತಿನ್ನುತ್ತೇವೆ. ಅಳಬಾರದು ಅಂದುಕೊಂಡಿದ್ದೆ, ಅತ್ತುಬಿಟ್ಟೆ.

ನಿಮ್ಮ ತೊಟ್ಟಿಯ ಮಾತು: ಮುಟ್ಟಬೇಡಿ. ಅವಳು ಬರುತ್ತಿರುವುದು ನಮ್ಮ ಮೇಲೆ. ನಿಮ್ಮ ಕಡೆ ಬರಬೇಕಾದರೆ ಕೆಂಪು ಗುಡ್ಡ ಎದ್ದು ನಿಂತು ದಾರಿ ಬಿಡಬೇಕು. ನುನ್ಸಿಯೊಗೆ ಹೇಳು, ಪೀಪಾಯಿ ತೊಳೆದು ನೆಮ್ಮದಿಯಾಗಿ ದ್ರಾಕ್ಷಿ ತುಳಿಯಲಿ. ಒಂದು ಮನೆಯಲ್ಲಾದರೂ ಈ ವರ್ಷ ವೈನ್ ಇರಬೇಕು.

ಬರುವ ಮಾತು ಈಗ ಬೇಡ. ಗಂಟೆ ಹೊಡೆಯುವವನೇ ಮೊದಲು ಓಡಿದ ಅನ್ನಿಸಿಕೊಳ್ಳಲಾರೆ.

ನಿನ್ನ ಅಣ್ಣ
ಬ್ರಾಸಿ

---

ವಿನ್ಯಾಬಾಸ್ಸಾ
9 ಸೆಪ್ಟೆಂಬರ್ 1892

ಅಣ್ಣಾ,

ಪೆಟ್ಟಿಗೆ ತಲುಪಿತು. ತೆರೆದರೆ ಅವ್ವನ ವಾಸನೆ, ಆ ಒಣಗಿದ ಕಿತ್ತಳೆ ಸಿಪ್ಪೆಯ ವಾಸನೆ. ಮುಚ್ಚಳ ಹಾಕಿ ಅದರ ಮೇಲೇ ಕೂತು ಅತ್ತುಬಿಟ್ಟೆ. ಒಲೆಯ ಬಾಗಿಲನ್ನು ಗೋಡೆಗೆ ಒರಗಿಸಿಟ್ಟಿದ್ದೇನೆ. ನಿಮ್ಮ ಗಂಡಾಂತರ ಕಳೆದ ಮೇಲೆ ಹೊಸ ಒಲೆಗೆ ಅದನ್ನೇ ಕೂರಿಸೋಣ, ಮೊದಲ ರೊಟ್ಟಿ ನಾನೇ ತಟ್ಟುತ್ತೇನೆ.

ನಿನ್ನ ಮಾತು ಕೇಳಿ ನುನ್ಸಿಯೊಗೆ ಜೀವ ಬಂತು. "ಬ್ರಾಸಿ ಅಂದ ಮೇಲೆ ಮುಗೀತು" ಅಂದ. ನಿನ್ನ ಮೇಲೆ ಅವನಿಗಿರುವ ನಂಬಿಕೆಯಲ್ಲಿ ಅರ್ಧ ನನ್ನ ಮೇಲಿದ್ದರೆ ಈ ಮನೆ ಎಂದೋ ಉದ್ಧಾರವಾಗುತ್ತಿತ್ತು. ಮೊನ್ನೆ ಎರಡು ದಿನ ಒಳ್ಳೆಯ ಮಳೆ ಬಿತ್ತು, ತೊಟ್ಟಿ ಅಂಚಿನವರೆಗೂ ತುಂಬಿದೆ. ಕೊಯ್ಲಿನ ಹೊತ್ತಿಗೆ ಇಷ್ಟು ನೀರು ಕಂಡು ಎಷ್ಟು ವರ್ಷವಾಯಿತು! ಅಕ್ಕಪಕ್ಕದವರೂ ಇಲ್ಲೇ ಸೇದುತ್ತಾರೆ.

ನಮ್ಮ ಐತಿನಾಳದು ದಿನವೂ ಒಂದೇ ಪ್ರಶ್ನೆ: "ಮಾಮನ ಗಂಟೆ ಕರಗಿ ಹೋಗತ್ತಾ?" ಏಳು ವರ್ಷದ ಹುಡುಗಿಗೆ ಏನು ಹೇಳಲಿ? "ಮಾಮ ನಿನ್ನ ಜ್ಞಾನತಂದೆ ಅಲ್ವಾ, ಅದನ್ನ ಹೆಗಲ ಮೇಲೆ ಹೊತ್ಕೊಂಡು ಬರ್ತಾನೆ" ಅಂದೆ. ಅವಳು ನಂಬಿ, ನೀನು ಬಂದರೆ ಗಂಟೆಯನ್ನು ಎಲ್ಲಿ ತೂಗುಹಾಕಬೇಕು ಎಂದು ಅಂಜೂರದ ಮರದಲ್ಲಿ ಕೊಂಬೆ ಗೊತ್ತುಮಾಡಿದ್ದಾಳೆ.

ಹೇಸರಗತ್ತೆಗಳನ್ನು ಕಳಿಸಲೇ? ಬಾಯಿ ಬಿಟ್ಟು ಹೇಳು. ಮರ್ಯಾದೆ ಹಿಡಿದು ಕೂತರೆ ಲಾವಾ ಮರ್ಯಾದೆ ಕೊಡುವುದಿಲ್ಲ.

ವೆನ್ನೆರಾ

---

ಕಸ್ತಾನಾರಾ
14 ಸೆಪ್ಟೆಂಬರ್ 1892

ತಂಗೀ,

ಅವಳು ಮೇಲಿನ ಬೀದಿಗೆ ಬಂದಳು. ಕಮ್ಮಾರನ ಮನೆ, ಅದರ ಪಕ್ಕದ ಎರಡು ಮನೆ ಹೋದವು. ಇಗರ್ಜಿಗೂ ಅವಳಿಗೂ ನಡುವೆ ಈಗ ಒಂದು ಹುರುಳಿಯ ಹೊಲ ಅಷ್ಟೇ ಇದೆ, ಆಮೇಲೆ ನಾವು.

ನಿನ್ನೆ ಗಂಡಸರೆಲ್ಲ ದೋನ್ ಇನ್ಯಾಸಿಯೊ ಅವರ ಅಂಗಳದಲ್ಲಿ ಸೇರಿದ್ದೆವು. ಏನು ಮಾತಾಯಿತು ಎಂದು ಕೇಳಬೇಡ. ಸಂತಳ ಪಾದ ಮುಟ್ಟಿ ಮಾತು ಕೊಟ್ಟಿದ್ದೇವೆ, ಮೇಲಾಗಿ ಮಿಕೇಲಿಯ ಚೀಲದ ಕಾಗದಗಳನ್ನು ದಾರಿಯ ಹೆಂಡದಂಗಡಿಯಲ್ಲಿ ಯಾರು ಯಾರು ಬಿಚ್ಚುತ್ತಾರೋ ಬಲ್ಲವರಾರು. ಊರಿನ ಕುರಿಚರ್ಮವೆಲ್ಲ ಈಗ ದನ ನೀರು ಕುಡಿಯುವ ಬಾನಿಯಲ್ಲಿ ನೆನೆಯುತ್ತಿದೆ. ನಾತಕ್ಕೆ ಫಿಲಿಪ್ಪಾ ಬೈಯುತ್ತಿದ್ದಾಳೆ. ಅದೂ ನಿನಗೆ ಬೇಕಾದ ಮಾತಲ್ಲ, ಸುಮ್ಮನೆ ಕೈ ಬರೆಯಿತು.

ಈಗ ನಾನು ಹೇಳುವುದನ್ನು ಕೇಳು. ಕೊಯ್ಲನ್ನು ಆಳುಗಳಿಗೆ ಬಿಟ್ಟು ನೀವೆಲ್ಲ ಇಲ್ಲಿಗೆ ಬನ್ನಿ. ನುನ್ಸಿಯೊ, ನೀನು, ಮಗು, ನಿನ್ನ ಅತ್ತೆಯನ್ನೂ ಹೇಸರಗತ್ತೆಯ ಮೇಲೆ ಕೂರಿಸಿಕೊಂಡು. ಭಾನುವಾರ ಸಂತಳ ದೊಡ್ಡ ಪೂಜೆ ಇದೆ, ಅದಕ್ಕೆ ಬಂದ ಹಾಗಾಗುತ್ತದೆ. ನಾಲ್ಕು ದಿನ ಇರಿ. ಕಣಿವೆಯ ಬಾಯಲ್ಲಿ ನಿಮ್ಮ ಮನೆ ಬಿಟ್ಟರೆ ಇನ್ನು ಯಾರು ಮಲಗುತ್ತಾರೆ, ತಿಳಿಸು.

ಇನ್ನೊಂದು. ತೊಟ್ಟಿಯ ವಿಷಯದಲ್ಲಿ ಮೊದಲು ಬೇಡ ಎಂದಿದ್ದೆ. ಈಗ ಖಾಲಿ ಮಾಡಿ ಎನ್ನುತ್ತೇನೆ. ಗಾಳಿಯಲ್ಲಿ ಬಹಳ ಬೂದಿ ಇದೆ. ಬೂದಿ ಬಿದ್ದ ನೀರು ಕುಡಿದು ಇಲ್ಲಿ ಇಬ್ಬರು ಮುದುಕರಿಗೆ ಹೊಟ್ಟೆ ಕೆಟ್ಟಿತು. ಕೊನೆಯ ಬಕೆಟ್ಟಿನವರೆಗೂ ಚೆಲ್ಲಿಬಿಡಿ. ಅಣ್ಣ ಹೇಳಿದ ಎಂದಾದರೂ ಮಾಡು.

ಬ್ರಾಸಿ

---

ವಿನ್ಯಾಬಾಸ್ಸಾ
16 ಸೆಪ್ಟೆಂಬರ್ 1892

ಅಣ್ಣಾ,

ನಿನ್ನ ಕಾಗದ ಓದಿ ನಾನೂ ನುನ್ಸಿಯೊನೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಕೋಪಿಸಿಕೊಳ್ಳಬೇಡ. ತಲೆಯ ಮೇಲೆ ಬೆಂಕಿ ಬರುತ್ತಿದೆ, ಬಾಗಿಲು ಕಿಟಕಿ ಕಿತ್ತಾಗಿದೆ, ಒಲೆಯೂ ಇಲ್ಲ, ಅಂಥ ಮನೆಗೆ ನೆಂಟರನ್ನು ಕರೆಯುತ್ತೀಯಲ್ಲ! ಬಂದವರಿಗೆ ಏನು ಬಡಿಸುತ್ತೀಯ, ಕೆಂಡವೇ?

ಮತ್ತೆ ಆ ಬೂದಿಯ ಮಾತು. ನಾವೇನು ನಿನ್ನೆ ಮೊನ್ನೆ ಈ ಬೆಟ್ಟಕ್ಕೆ ಬಂದವರೇ? ತೊಟ್ಟಿಯ ಬಾಯಿಗೆ ಹಲಗೆ ಮುಚ್ಚಿ ಮೇಲೆ ಗೋಣಿ ಹಾಸಿದ್ದೇವೆ, ಸೇದಿದ ನೀರನ್ನು ಎರಡು ಪದರ ಬಟ್ಟೆಯಲ್ಲಿ ಸೋಸುತ್ತೇವೆ. ಕಲ್ಲುಸಕ್ಕರೆಯಂಥ ನೀರು. ನುನ್ಸಿಯೊ ಮಿಕೇಲಿಯ ಎದುರಿಗೇ ಒಂದು ತಂಬಿಗೆ ಗಟಗಟ ಕುಡಿದು, "ಹೋಗಿ ಹೇಳು ನಮ್ ಭಾವಂಗೆ, ಬದುಕಿದೀನಿ ಅಂತ. ಅವ್ನು ಯಾವಾಗಿಂದ ಡಾಕ್ಟ್ರಾದ? ಗಂಟೆ ಹೊಡೆಯೋದು ಬಿಟ್ಟು ನಾಡಿ ಹಿಡಿಯೋಕೆ ಶುರು ಮಾಡಿದ್ನಾ?" ಅಂದ. ಮಿಕೇಲಿ ಬಿದ್ದು ಬಿದ್ದು ನಕ್ಕ. ಈ ನೀರು ಚೆಲ್ಲಿದರೆ ತುಳಿದ ದ್ರಾಕ್ಷಿಯನ್ನೂ ಅದರ ಹಿಂದೆಯೇ ಚೆಲ್ಲಬೇಕಾಗುತ್ತದೆ, ಇಡೀ ವರ್ಷದ ಬೆವರು ಅದು.

ನಕ್ಕಮೇಲೆ ಯಾಕೋ ಮನಸ್ಸು ತಡೆಯಲಿಲ್ಲ. ಅಣ್ಣ ಒಂಟಿಯಾಗಿದ್ದಾನೆ, ಬಾಯಿ ಬಿಟ್ಟು ಸಹಾಯ ಕೇಳಲಾರದೆ ಪೂಜೆ, ಬೂದಿ ಅಂತ ಏನೇನೋ ಬರೆದಿದ್ದಾನೆ ಎಂದು ಗೊತ್ತಾಯಿತು. ನಿನ್ನನ್ನು ನಾನು ಬಲ್ಲೆ. ಚಿಕ್ಕಂದಿನಲ್ಲಿ ಹಸಿವಾದರೆ ಹಸಿವು ಅನ್ನುತ್ತಿರಲಿಲ್ಲ, ಬೆಕ್ಕಿಗೆ ಹಸಿವಾಗಿದೆ ಅನ್ನುತ್ತಿದ್ದೆ. ಮಂಗಳವಾರ ಕೊಯ್ಲು ಮುಗಿಯುತ್ತದೆ. ಬುಧವಾರ ನುನ್ಸಿಯೊ ಎರಡು ಹೇಸರಗತ್ತೆ ಹೊಡೆದುಕೊಂಡು ಬರುತ್ತಾನೆ, ನಿಮ್ಮನ್ನು ಕಟ್ಟಿ ಹಾಕಿಯಾದರೂ ತರುತ್ತಾನೆ. ಮಾಳಿಗೆ ಗುಡಿಸಿಟ್ಟಿದ್ದೇನೆ.

ಕಣಿವೆಯ ಬಾಯಲ್ಲಿ ಮಲಗುವುದು ನಾವು, ನಮ್ಮ ಗೋಡೆಯ ಕೆಳಗಿನ ಮೂರು ಮನೆಯವರು, ಅಷ್ಟೇ. ಯಾಕೆ ಕೇಳಿದೆ?

ವೆನ್ನೆರಾ

---

ಕಸ್ತಾನಾರಾ
19 ಸೆಪ್ಟೆಂಬರ್ 1892

ತಂಗೀ ವೆನ್ನೆರಾ,

ಅಕ್ಷರ ಬೇರೆ ಇದೆ ಎಂದು ಗಾಬರಿಯಾಗಬೇಡ. ನಾನು ಹೇಳುತ್ತಿದ್ದೇನೆ, ದೋನ್ ಇನ್ಯಾಸಿಯೊ ಅವರ ತಂಗಿ ಬರೆಯುತ್ತಿದ್ದಾರೆ. ಒಲೆಯಲ್ಲಿ ರೊಟ್ಟಿ ತೆಗೆಯುವಾಗ ನನ್ನ ಕೈ ಸುಟ್ಟಿತು, ಅಷ್ಟೇ.

ಸಂತ ಅಗಾತಾ ಕಣ್ಣು ಬಿಟ್ಟಳು. ಇಂದು ಮುಂಜಾನೆ ಕೆಂಪು ಗುಡ್ಡದ ಮೇಲುಗಡೆ, ಅದು ಬೆಟ್ಟಕ್ಕೆ ಸೇರುವಲ್ಲಿ, ಬೆಟ್ಟದವಳು ಎಡಗಡೆಯ ದಂಡೆ ಒಡೆದುಕೊಂಡು ಆಚೆ ತಿರುಗಿದಳು. ತಾನಾಗಿಯೇ ತಿರುಗಿದಳು. ನಮ್ಮ ಬೀದಿಯಲ್ಲಿ ನಿಂತಿದ್ದ ಗೋಡೆ ಈಗ ಮುಂದೆ ಬರುತ್ತಿಲ್ಲ, ತಣ್ಣಗಾಗುತ್ತಿದೆ. ಜನ ಬಂದೂಕು ಹಾರಿಸುತ್ತಿದ್ದಾರೆ, ಗಂಟೆಯನ್ನು ಬೇರೆ ಯಾರೋ ಹೊಡೆಯುತ್ತಿದ್ದಾರೆ.

ಅವಳು ಕತ್ತೆಕಣಿವೆಗೆ ಇಳಿದಿದ್ದಾಳೆ. ಅಲ್ಲಿ ಇಳಿಜಾರು ಹೆಚ್ಚು, ಇಲ್ಲಿನ ಹಾಗೆ ತೆವಳುವುದಿಲ್ಲ, ಓಡುತ್ತಾಳೆ. ಬೂದಿಯ ಮಾತು ಬಿಡು. ಮೊದಲು ಮನೆ ಬಿಟ್ಟು ಹೊರಡಿ. ಹೊತ್ತು ಇದ್ದರೆ ಮಾತ್ರ ತೊಟ್ಟಿ ಖಾಲಿ ಮಾಡಿ, ಇಲ್ಲದಿದ್ದರೆ ಅದರ ಹತ್ತಿರವೂ ಸುಳಿಯಬೇಡಿ. ನುನ್ಸಿಯೊಗೆ ಹೇಳು. ಎಲ್ಲರಿಗೂ ಹೇಳು.

ಮಿಕೇಲಿಯ ದಾರಿ ಕಡಿದುಹೋಗಿದೆ. ಪಟ್ಟಣದ ಸುತ್ತುದಾರಿಯಲ್ಲಿ ಕಳಿಸುತ್ತಿದ್ದೇನೆ. ದೇವರೇ, ಬೇಗ ಸಿಗಲಿ.

ಬ್ರಾಸಿ

---

ಸಾನ್ ಫೆಲಿಯೊ, ನುನ್ಸಿಯೊನ ದೊಡ್ಡಪ್ಪನ ಕೊಟ್ಟಿಗೆಯಿಂದ
26 ಸೆಪ್ಟೆಂಬರ್ 1892

ಅಣ್ಣಾ,

ನಿನ್ನ ಹತ್ತೊಂಬತ್ತನೆಯ ತಾರೀಖಿನ ಕಾಗದ ನಿನ್ನೆ ಸಂಜೆ ಸಿಕ್ಕಿತು. ನುನ್ಸಿಯೊನನ್ನು ಮಣ್ಣು ಮಾಡಿ ನಾಲ್ಕು ದಿನವಾಗಿತ್ತು.

ನಿನಗೆ ಹೇಳಬೇಕಲ್ಲ, ಹೇಳುತ್ತೇನೆ. ಮಂಗಳವಾರ ಬೆಳಿಗ್ಗೆ ನಾವು ಕೊನೆಯ ಸಾಲಿನ ದ್ರಾಕ್ಷಿ ಕೊಯ್ಯುತ್ತಿದ್ದೆವು. ಕಣಿವೆಯ ತಿರುವಿನಲ್ಲಿ ಪಿಂಗಾಣಿ ಒಡೆದಂಥ ಸದ್ದು ಕೇಳಿಸಿತು. ನೀನು ಬರೆದಿದ್ದೆಯಲ್ಲ, ಅದೇ ಸದ್ದು. ನಾನು ನುನ್ಸಿಯೊನ ಮುಖ ನೋಡಿದೆ. "ಇಲ್ಲ ಕಣೇ, ಅವ್ಳು ಆಚೆ ಮಗ್ಗುಲಲ್ಲಿದಾಳೆ, ಬ್ರಾಸಿ ಹೇಳಿದಾನಲ್ಲ" ಅಂದ. ಹೇಳುತ್ತ ಹೇಳುತ್ತಲೇ ಬುಟ್ಟಿ ಕೆಳಗಿಟ್ಟ.

ಹೆಂಚು ಇಳಿಸಲು ಹೊತ್ತಿರಲಿಲ್ಲ. ಬಂಡಿಗೆ ಅವ್ವನ ಪೆಟ್ಟಿಗೆ, ಒಲೆಯ ಬಾಗಿಲು, ಹಾಸಿಗೆ, ಅತ್ತೆ. ಅತ್ತೆ ಬಂಡಿ ಹತ್ತಲು ಒಪ್ಪಲಿಲ್ಲ. ಮನೆ ಗುಡಿಸಿ, ಒಗೆದ ಮೇಜುಬಟ್ಟೆ ಹಾಸಿ, ರೊಟ್ಟಿ, ಆಲಿವ್, ಹೊಸ ಪೀಪಾಯಿಯಿಂದ ಒಂದು ಹೂಜಿ ವೈನ್ ಇಟ್ಟು, ಕುರ್ಚಿಯನ್ನು ಹಿಂದಕ್ಕೆ ಎಳೆದಿಟ್ಟು, "ದಣಿದಿದೀಯ ತಾಯಿ, ಕೂತ್ಕೋ, ಉಂಡು ಇಲ್ಲೇ ಮಲಗು, ಮುಂದಕ್ಕೆ ಹೋಗ್ಬೇಡ" ಎಂದು ಕೈಮುಗಿದ ಮೇಲೆಯೇ ಹೊರಗೆ ಬಂದರು.

ನುನ್ಸಿಯೊ ತೊಟ್ಟಿಯ ಹತ್ತಿರ. ಕೆಳಗಿನ ಮೂರು ಮನೆಯವರು ಇನ್ನೂ ಸಾಮಾನು ಹೊರುತ್ತಿದ್ದರು, ಅವರಲ್ಲಿ ಒಬ್ಬಳು ಹಸಿ ಬಾಣಂತಿ. ತುಂಬಿದ ತೊಟ್ಟಿ ಸಿಡಿದರೆ ಆ ಕಲ್ಲೆಲ್ಲ ಅವರ ತಲೆಯ ಮೇಲೆಯೇ. ನಾನು ತೋಳು ಹಿಡಿದು ಎಳೆದೆ. "ತೊಟ್ಟಿ ನಂದು ಕಣೇ. ನಾಳೆ ಅವ್ರ ಮುಖ ಹೆಂಗ್ ನೋಡ್ಲಿ? ನೀನು ನಡಿ, ಮಗೂನ ಕರ್ಕೊಂಡು ನಡಿ, ಬಂದೆ" ಅಂದ. ಅಂಚಿನವರೆಗೆ ತುಂಬಿದ ತೊಟ್ಟಿ ಅಣ್ಣಾ, ಅವನ ಹತ್ತಿರ ಇದ್ದದ್ದು ಒಂದು ಬಕೆಟ್ಟು, ಒಂದು ಹಗ್ಗ. ಸೇದುತ್ತಿದ್ದ, ಚೆಲ್ಲುತ್ತಿದ್ದ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರು ಎಂದು ಜನ ನಗುತ್ತಾರಲ್ಲ, ನನ್ನ ಗಂಡ ಮನೆಗೆ ಬೆಂಕಿ ಬಿದ್ದಾಗ ಬಾವಿ ಬತ್ತಿಸಲು ನಿಂತ.

ನಾವು ಅಂಜೂರದ ಮರ ದಾಟಿದ್ದೆವು. ಅವಳು ದ್ರಾಕ್ಷಿ ತುಳಿಯುವ ಕಟ್ಟೆಯನ್ನು ಒರೆಸಿಕೊಂಡು ಅಂಗಳಕ್ಕೆ ಬಂದಳು. ಕೆಳಗಿನ ಮನೆಯವರು ಆಗಲೇ ಹೊರಟಾಗಿತ್ತು, ನುನ್ಸಿಯೊ ಅದನ್ನು ನೋಡಿ ಬಕೆಟ್ಟು ಬಿಸಾಡಿ ತಿರುಗಿದ. ನನ್ನನ್ನು ನೋಡಿ ಕೈ ಎತ್ತಿದ. ಆಮೇಲೆ ನೆಲ ಅಲುಗಿತು.

ಮುಖ ನೋಡಬೇಡ ಎಂದರು. ನೋಡಿದೆ. ಬಿಸಿ ಆವಿ ಏನು ಮಾಡುತ್ತದೆ ಎಂದು ನಿನಗೆ ಬರೆಯುವುದಿಲ್ಲ. ಸಂಜೆಯವರೆಗೆ ಜೀವ ಇತ್ತು. ನೀರು ಕೇಳಿದ.

ನಮ್ಮ ಮನೆಯ ಮೇಲೆ ಈಗ ಮನೆಯೆತ್ತರದ ಕಿಟ್ಟ ನಿಂತಿದೆ. ಅತ್ತೆ ಹೇಳಿದ ಹಾಗೆ ಅವಳು ಮುಂದಕ್ಕೆ ಹೋಗಲಿಲ್ಲ, ಉಂಡು ಅಲ್ಲೇ ಮಲಗಿದಳು. ನೀನು ಬಾ ಅಣ್ಣಾ. ಬೇಗ ಬಾ. ನನಗೆ ಈಗ ಇರುವವನು ನೀನೊಬ್ಬನೇ.

ವೆನ್ನೆರಾ

---

ಕಸ್ತಾನಾರಾ, ಸೈನಿಕರ ಡೇರೆ
9 ಅಕ್ಟೋಬರ್ 1892

ತಂಗೀ,

ನಿನ್ನ ಕಾಗದ ಬಂದು ಎಷ್ಟೋ ದಿನವಾಯಿತು. ಬಲಗೈಯ ಗಾಯ ಇನ್ನೂ ಮಾಗಿಲ್ಲ, ಎಡಗೈಯಲ್ಲಿ ಬರೆಯುತ್ತಿದ್ದೇನೆ. ನುನ್ಸಿಯೊ ನನಗೆ ಭಾವಮೈದುನನಲ್ಲ, ತಮ್ಮ. ದೇವರು ಯಾಕೆ ಒಳ್ಳೆಯವರನ್ನೇ ಕರೆದುಕೊಳ್ಳುತ್ತಾನೋ.

ಇಲ್ಲಿಯದೂ ಮುಗಿಯಿತು. ಒಡೆದ ದಂಡೆಗೆ ಕಿಟ್ಟ ಕಟ್ಟಿಕೊಂಡು ತಾನೇ ಮುಚ್ಚಿಹೋಯಿತು. ಅವಳು ಮತ್ತೆ ಹಳೆಯ ದಾರಿ ಹಿಡಿದು ನಮ್ಮ ಮೇಲೆಯೇ ಬಂದಳು. ಇಗರ್ಜಿ ಹೋಯಿತು. ಗಂಟೆಯನ್ನು ಇಳಿಸಲಾಗಲಿಲ್ಲ, ಗೋಪುರ ಬೀಳುವಾಗ ಒಂದೇ ಒಂದು ಸಲ ತಾನೇ ಬಾರಿಸಿತು. ಅಪ್ಪ ಅವ್ವನ ಮನೆ ಮೊದಲನೆಯ ತಾರೀಖು ಹೋಯಿತು. ನಾನು ನೋಡುತ್ತ ನಿಂತಿದ್ದೆ. ಬೆಟ್ಟದವಳು ಯಾರ ಮಾತನ್ನೂ ಕೇಳುವವಳಲ್ಲ ವೆನ್ನೆರಾ. ಎಲ್ಲ ಸುಮ್ಮನೆ ಆಯಿತು. ಎಲ್ಲ ಸುಮ್ಮನೆ.

ನುನ್ಸಿಯೊನ ತಿಂಗಳ ಪೂಜೆಗೆ ಬರುತ್ತೇನೆ. ಡೇರೆಯಲ್ಲಿ ಚಳಿ, ಮಕ್ಕಳಿಗೆ ಕೆಮ್ಮು. ನಿನ್ನ ಕೊಟ್ಟಿಗೆಯಲ್ಲಿ ಒಂದು ಮೂಲೆ ಇದ್ದರೆ ನಾವೆಲ್ಲ ಒಟ್ಟಿಗೆ ಇರಬಹುದಿತ್ತು. ಬಂದಾಗ ಮಾತಾಡೋಣ.

ಬ್ರಾಸಿ

---

ಸಾನ್ ಫೆಲಿಯೊ
3 ನವೆಂಬರ್ 1892

ಬ್ರಾಸಿ,

ತಿಂಗಳ ಪೂಜೆಗೆ ನೀನು ಬಂದು ಹೋದೆ. ಪೂಜೆ ಮುಗಿಯುತ್ತಲೇ ಬಂಡಿಗೆ ಹೊತ್ತಾಯಿತು ಎಂದು ಹೊರಟೆ, ಮೂಲೆಯ ಮಾತು ನೀನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಪೂಜೆಯುದ್ದಕ್ಕೂ ನನ್ನ ಪಕ್ಕದಲ್ಲಿ ಮಂಡಿಯೂರಿದ್ದೆ. ನಾನು ಪೀಠವನ್ನು ನೋಡಲಿಲ್ಲ, ನಿನ್ನನ್ನು ನೋಡಿದೆ. ಎರಡೂ ಕೈ ಮೊಣಕೈವರೆಗೆ ಸುಟ್ಟಿದೆ, ಹುಬ್ಬಿಲ್ಲ, ರೆಪ್ಪೆಯಿಲ್ಲ, ಕಿವಿಯ ತುದಿ ಕಪ್ಪಾಗಿದೆ. ನಿಮ್ಮ ಊರಿನಿಂದ ಜೊತೆಗೆ ಬಂದ ಮೂವರು ಗಂಡಸರಿಗೂ ಹುಬ್ಬಿರಲಿಲ್ಲ. ಎಲ್ಲರೂ ಒಂದೇ ಒಲೆಯಲ್ಲಿ ರೊಟ್ಟಿ ತೆಗೆದಿರೇನು?

ಆ ಒಲೆಯ ಬಾಗಿಲು ನನ್ನ ಹತ್ತಿರ ಇದೆ ಬ್ರಾಸಿ. ಸೆಪ್ಟೆಂಬರ್ ಮೂರರಂದು ನೀನೇ ಕಳಿಸಿದೆ, ಕಲ್ಲು ಕಲ್ಲಾಗಿ ಬಿಚ್ಚಿದೆ ಎಂದು ಬರೆದೆ, ಓದಿ ನಾನು ಅತ್ತಿದ್ದೆ. ಹತ್ತೊಂಬತ್ತರಂದು ಯಾವ ಒಲೆ ನಿನ್ನ ಕೈ ಸುಟ್ಟಿತು? ನೆನೆಸಿಟ್ಟ ಕುರಿಚರ್ಮ ಹೊದ್ದು, ಹಾರೆ ಹಿಡಿದು, ಕೆಂಪು ಗುಡ್ಡದ ಮೇಲುಗಡೆಗೆ ಹತ್ತಿದಿರಿ, ದಂಡೆ ಒಡೆದಿರಿ, ನಿಮ್ಮ ಸಾವನ್ನು ನಮ್ಮ ಕಣಿವೆಗೆ ತಿರುಗಿಸಿದಿರಿ. ಕುರಿಚರ್ಮದ ನಾತವನ್ನೂ ನೀನೇ ಬರೆದಿದ್ದೆ. ನಾನೇ ಪೆದ್ದಿ, ನಗುತ್ತ ಕೂತೆ.

ದಂಡೆ ಒಡೆದದ್ದಕ್ಕೆ ನಾನು ಇಷ್ಟು ಉರಿಯುತ್ತಿಲ್ಲ. ಎದುರಿಗೆ ಬೆಂಕಿ ಬಂದಾಗ ಯಾರಿಗೆ ಯಾರು? ತನ್ನ ತಲೆಗೆ ತನ್ನದೇ ಕೈ. ನಮ್ಮವರೂ ಒಡೆಯುತ್ತಿದ್ದರೇನೋ. ನನ್ನನ್ನು ಸುಡುವುದು ಹದಿನಾಲ್ಕನೆಯ ತಾರೀಖಿನ ಕಾಗದದಲ್ಲಿ ಬೂದಿ ಎಂಬ ಆ ಒಂದು ಮಾತು. ಹೆಂಡದಂಗಡಿಯವರಿಗೆ ಹೆದರಿದೆಯೋ, ಸಂತಳಿಗೆ ಹೆದರಿದೆಯೋ, ನಿನಗೇ ಗೊತ್ತು. ಬೂದಿ ಎಂದು ಬರೆದ ಜಾಗದಲ್ಲಿ ಬೆಂಕಿ ಎಂದು ಬರೆದಿದ್ದರೆ ನುನ್ಸಿಯೊ ಅಂದೇ ತೊಟ್ಟಿ ಖಾಲಿ ಮಾಡಲು ಇಳಿಯುತ್ತಿದ್ದ. ನಿನ್ನ ಮಾತೆಂದರೆ ಅವನಿಗೆ ವೇದವಾಕ್ಯ. ನಾನು ಯಾರಿಗೂ ಹೇಳುತ್ತಿರಲಿಲ್ಲ. ಕಾಗದವನ್ನು ಒಲೆಗೆ ಹಾಕಿ, ಬಾಯಿಗೆ ಬೀಗ ಹಾಕಿಕೊಂಡು, ಕೆಳಗಿನ ಬಾಣಂತಿಯನ್ನು ಏನೋ ನೆಪ ಹೇಳಿ ಎಬ್ಬಿಸುತ್ತಿದ್ದೆ. ನಿನಗೆ ತಂಗಿಯ ಮೇಲೆ ಅಷ್ಟೂ ನಂಬಿಕೆ ಬರಲಿಲ್ಲವೇ?

ಹೋದ ವಾರ ಪೊಲೀಸ್ ದಫೇದಾರ ಬಂದಿದ್ದ. ವಿನ್ಯಾಬಾಸ್ಸಾದ ಗಂಡಸರು ದೂರು ಕೊಟ್ಟಿದ್ದಾರೆ. ಬೆಂಕಿ ತಿರುಗಿಸಿದವನೇ ಬೆಂಕಿ ತಿಂದದ್ದಕ್ಕೆ ಹೊಣೆ ಎಂದು ಹಳೆಯ ಕಾಲದಿಂದ ಕಟ್ಟಳೆ ಇದೆಯಲ್ಲ. ಕೆಲವರು ದೂರಿಗೂ ಕಾಯದೆ ಕುಡುಗೋಲು ಮಸೆಯುತ್ತಿದ್ದಾರೆ. ದಫೇದಾರ ಕೇಳಿದ, "ನೋಡಮ್ಮ, ಕಸ್ತಾನಾರಾದ ಗಂಟೆಯವನು ನಿನ್ನಣ್ಣ ತಾನೆ? ಅವನ ಕೈ ಹೆಂಗೆ ಸುಟ್ಟಿತು, ನಿಂಗೇನಾದ್ರೂ ಗೊತ್ತಾ?"

ನಾನು ಅವ್ವನ ಪೆಟ್ಟಿಗೆಯ ಮೇಲೆ ಕೂತಿದ್ದೆ. ಒಲೆಯ ಬಾಗಿಲು ನನ್ನ ಕಾಲಿಗೆ ಒರಗಿತ್ತು.

"ಒಲೇಲಿ ಸುಟ್ಕೊಂಡ, ಸ್ವಾಮಿ. ರೊಟ್ಟಿ ತೆಗೆಯುವಾಗ" ಅಂದೆ.

ಅವನು ಬರೆದುಕೊಂಡು ಹೋದ. ಇನ್ನು ನಿನ್ನನ್ನು ಯಾರೂ ಹಿಡಿಯುವುದಿಲ್ಲ, ಹೆದರಬೇಡ. ಅವ್ವನ ಹಾಲಿನ ಋಣ ಅಷ್ಟಕ್ಕೆ ತೀರಿತು. ಕೊಟ್ಟಿಗೆಯಲ್ಲಿ ಮೂಲೆ ಇದೆ, ನಿನಗೆ ಇಲ್ಲ. ಫಿಲಿಪ್ಪಾ ಮಕ್ಕಳನ್ನು ಕರೆದುಕೊಂಡು ಬರುವುದಾದರೆ ಬರಲಿ, ಅವರ ಕೆಮ್ಮಿಗೆ ಜೇನು ಇಟ್ಟಿದ್ದೇನೆ. ಮಿಕೇಲಿಯ ಕೈಯಲ್ಲಿ ಇನ್ನು ಕಾಗದ ಕಳಿಸಬೇಡ. ಬಂದರೂ ಬಿಚ್ಚುವುದಿಲ್ಲ.

ನಿನ್ನೆ ಸತ್ತವರ ಹಬ್ಬ. ಅತ್ತೆ ಮೇಜು ಹಾಸಿದರು, ಇರುವುದರಲ್ಲೇ ಒಗೆದ ಬಟ್ಟೆ. ಅಪ್ಪನಿಗೆ ಒಂದು ತಟ್ಟೆ, ಅವ್ವನಿಗೆ ಒಂದು, ನುನ್ಸಿಯೊಗೆ ಒಂದು. ಅವನದಕ್ಕೆ ಎರಡು ಲೋಟ ವೈನ್ ಇಟ್ಟೆ, ಕೇಳದೆಯೇ. ಆಮೇಲೆ ಇನ್ನೊಂದು ತಟ್ಟೆ ತಂದು ಅವನ ಪಕ್ಕದಲ್ಲಿ ಇಟ್ಟು, ರೊಟ್ಟಿ ಮುರಿದು ಹಾಕಿ, ಕುರ್ಚಿಯನ್ನು ಹಿಂದಕ್ಕೆ ಎಳೆದಿಟ್ಟೆ.

ಐತಿನಾ ತಟ್ಟೆಗಳನ್ನು ಒಂದೊಂದಾಗಿ ನೋಡಿದಳು. "ಇದು ಯಾರದಮ್ಮಾ?"

"ನಿನ್ನ ಮಾಮಂದು" ಅಂದೆ.

"ಮಾಮ ಯಾವಾಗ ಸತ್ತ?"

ನಾನು ದಿನ ಹೇಳಿದೆ. ಸೆಪ್ಟೆಂಬರ್ ಹದಿನಾಲ್ಕು.

ವೆನ್ನೆರಾ